ಮಗು ಕಲಿಯುವ ಕ್ಷಣ ಕೈತಪ್ಪದ ಹಾಗೆ: ಅಪ್ಪ ಅಮ್ಮಂದಿರಿಗೊಂದು ಮಾರ್ಗದರ್ಶಿ

ನಮ್ಮ ಮಗಳು ಎರಡೂವರೆ ವರ್ಷಕ್ಕೇ ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಅದನ್ನು ಕೇಳಿಸಿ ನಾನು ಬೀಗುತ್ತಿದ್ದೆ. ಒಂದು ದಿನ ಸುಮ್ನೆ ‘ಮೂರು ಚಮಚ ತಗೊಂಡು ಬಾ ಪುಟ್ಟಿ’ ಅಂದೆ. ಎರಡೂ ಕೈಯಲ್ಲಿ ಬಾಚಿಕೊಂಡು ಏಳೆಂಟು ಚಮಚ ತಂದಳು. ‘ಮೂರು ತಂದ್ಯಾ?’ ಅಂದೆ. ‘ಹೂಂ’ ಅಂದಳು, ಒಂಚೂರೂ ಅನುಮಾನವಿಲ್ಲದೆ. ಆಗ ಹೊಳೆಯಿತು, ಇಷ್ಟು ದಿನ ಅವಳು ಎಣಿಸುತ್ತಿರಲಿಲ್ಲ, ಹಾಡುತ್ತಿದ್ದಳು.

ಸುಮಾರು ಒಂದು ವರ್ಷ ಆದ ಮೇಲೆ, ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ, ಯಾರೂ ಹೇಳದೆ ಅವಳೇ ಲೋಟ ತಂದಿಟ್ಟಳು. ಸರಿಯಾಗಿ ಮೂರು. ಆಗ ನಾವು ಮನೆಯಲ್ಲಿ ಮೂರು ಜನ. ಲೋಟ ಇಟ್ಟು, ಒಬ್ಬೊಬ್ಬರ ಮುಖ ನೋಡಿ, ತಲೆ ಆಡಿಸಿ, ಹೋಗಿ ಕೂತಳು. ನಿಜವಾದ ಎಣಿಕೆ ಬಂದದ್ದು ಅವತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನಂತೂ ಫೋನ್‌ನಲ್ಲಿದ್ದೆ, ನೋಡಿದ್ದು ನನ್ನ ಹೆಂಡತಿ.

ಈ ಬರಹ ಅದರ ಬಗ್ಗೆಯೇ. ಹುಟ್ಟಿದಾಗಿನಿಂದ ಐದು ವರ್ಷದವರೆಗೆ ಮಗು ಕಲಿಯೋದನ್ನು ಎಲ್ಲಿ ನೋಡಬೇಕು, ಕಂಡಾಗ ಏನು ಮಾಡಬೇಕು, ಏನು ಮಾಡದೆ ಸುಮ್ಮನಿರಬೇಕು. ಮಗುವಿಗೆ ಬೇಗ ಕಲಿಸೋದು ಹೇಗೆ ಅಂತ ಹುಡುಕಿಕೊಂಡು ಬಂದಿದ್ದರೆ ಕ್ಷಮಿಸಿ, ಅದು ಇಲ್ಲಿಲ್ಲ.

1. ಒಂದು ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ನು

ಆ್ಯಪ್ ಬೇಡ. ಬರೆಯೋಣ ಅಂತ ಫೋನ್ ತೆಗೆದರೆ ಮೊದಲು ಮೆಸೇಜ್ ಕಾಣುತ್ತೆ, ಆಮೇಲೆ ಇನ್ನೇನೋ, ಹತ್ತು ನಿಮಿಷ ಆದ ಮೇಲೆ ಯಾಕೆ ತೆಗೆದೆ ಅನ್ನೋದೇ ಮರೆತಿರುತ್ತೆ. ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ. ಪೆನ್ನಿಗೆ ದಾರ ಕಟ್ಟಿ ಅದಕ್ಕೇ ಗಂಟು ಹಾಕಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಪೆನ್ನು ಮಾಯ. ನೀವು ದಿನಕ್ಕೆ ಹತ್ತು ಸಲ ಓಡಾಡುವ ಜಾಗದಲ್ಲಿ, ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಇಡಿ.

ಬರೆಯಬೇಕಾದದ್ದು ಇಷ್ಟೇ: ವಯಸ್ಸು ಎಷ್ಟು ತಿಂಗಳು, ಏನಾಯಿತು, ಮಗು ಆಡಿದ ಮಾತು ಹೇಗಿತ್ತೋ ಹಾಗೇ. ‘ಇವತ್ತು ಮಾತಾಡಿದ’ ಅಂತ ಬರೆದರೆ ಐದು ವರ್ಷ ಆದ ಮೇಲೆ ಅದರಿಂದ ಏನೂ ನೆನಪಾಗಲ್ಲ. ನನ್ನ ಮಗನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: ‘14 ತಿಂಗಳು. ಕಿಟಕಿಯಲ್ಲಿ ಕಾಗೆ ಕಂಡು ಕಾ ಅಂದ. ಮಧ್ಯಾಹ್ನ ಪಾರಿವಾಳಕ್ಕೂ ಕಾ. ಸಂಜೆ ವಿಮಾನಕ್ಕೂ ಕಾ.’ ಬರೆಯುವಾಗ ಬರೀ ತಮಾಷೆ ಅನ್ನಿಸಿತ್ತು. ಆಮೇಲೆ ಓದಿದರೆ, ಹಾರುವುದನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದ್ದಾನೆ ಅಂತ ಗೊತ್ತಾಗುತ್ತೆ. ಮಕ್ಕಳು ಒಂದರಿಂದ ಎರಡೂವರೆ ವರ್ಷದೊಳಗೆ ಒಂದೇ ಪದವನ್ನು ಹೀಗೆ ಎಳೆದೆಳೆದು ಎಲ್ಲದಕ್ಕೂ ಹೊದಿಸುತ್ತಾರೆ. ನಾಲ್ಕು ಕಾಲಿದ್ದದ್ದೆಲ್ಲ ನಾಯಿ, ದುಂಡಗಿದ್ದದ್ದೆಲ್ಲ ಚೆಂಡು.

ಮಕ್ಕಳ ಬೆಳವಣಿಗೆಯನ್ನು ಹೀಗೆ ಬರೆದಿಟ್ಟ ಅಪ್ಪಂದಿರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬ. 1839ರಲ್ಲಿ ಮೊದಲ ಮಗ ಹುಟ್ಟಿದಾಗ ಬರೆದುಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಲೇಖನವಾಗಿ ಪ್ರಕಟಿಸಿದ. ಮೂವತ್ತೆಂಟು ವರ್ಷ ಆದ ಮೇಲೆ! ಹಾಗಾಗಿ ನಿಮ್ಮ ಪುಸ್ತಕ ಒಂದೆರಡು ತಿಂಗಳು ಖಾಲಿ ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಬರೆಯಲು ಇನ್ನೊಂದು ಕಾರಣ ಇದೆ. ದೊಡ್ಡವರಾದ ಮೇಲೆ ನಮಗೆ ನೆನಪಿರೋದು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಈಚಿನದು ಮಾತ್ರ. ಅಂಬೆಗಾಲು, ದಟ್ಟಡಿ, ಮೊದಲ ಮಾತು, ಇವೆಲ್ಲ ಯಾರ ಬದುಕಿನಲ್ಲಿ ನಡೀತೋ ಅವರಿಗೇ ನೆನಪಿರಲ್ಲ. ಸಾಕ್ಷಿ ನೀವೊಬ್ಬರೇ.

2. ತಾರೀಖು ಬಿಡಿ, ಅಗಲ ನೋಡಿ

‘ವರ್ಷ ತುಂಬಿತು, ಇನ್ನೂ ನಡೀತಿಲ್ವಾ?’ ಈ ಪ್ರಶ್ನೆ ಕೇಳದ ಅಪ್ಪ ಅಮ್ಮ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆಸರೆ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5 ತಿಂಗಳು. ತಾನಾಗಿ ನಡೆಯೋದು 8.2ರಿಂದ 17.6 ತಿಂಗಳು. ಒಂದು ಮಗು ಎಂಟೂವರೆ ತಿಂಗಳಿಗೆ ನಡೀಬಹುದು, ಇನ್ನೊಂದು ಹದಿನೇಳಕ್ಕೆ, ಎರಡೂ ಸರಿ. ಮಧ್ಯೆ ಎಂಟೂವರೆ ತಿಂಗಳ ಅಂತರ! ನಾನು ಅಗಲ ಅಂದದ್ದು ಇದಕ್ಕೇ.

ಅದೇ ಅಧ್ಯಯನದಲ್ಲಿ ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಅಂಬೆಗಾಲು ಬಿಟ್ಟು ತೆವಳಿಯೋ, ಕೂತಲ್ಲೇ ಜಾರಿಯೋ ಮುಂದೆ ಸಾಗಿ, ಒಂದು ದಿನ ಎದ್ದು ನಿಲ್ಲುವ ಮಕ್ಕಳಿದ್ದಾರೆ. ನಮ್ಮ ಮಗ ಕೂತೇ ಜಾರುತ್ತಿದ್ದ. ನೆಲ ಒರೆಸುವ ಕೆಲಸ ಅರ್ಧ ಉಳಿಯಿತು.

ಒಂದು ವಿಷಯ ನೆನಪಿಡಿ: ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಿದ ದಿನದಿಂದ ಲೆಕ್ಕ ಹಾಕಬಾರದು. ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ತಾರೀಖಿನಿಂದ ಲೆಕ್ಕ ಹಾಕಬೇಕು, ಸಾಮಾನ್ಯವಾಗಿ ಎರಡು ವರ್ಷದವರೆಗೂ. ಎರಡು ತಿಂಗಳು ಮುಂಚೆ ಬಂದ ಮಗುವನ್ನು ಅದೇ ವಯಸ್ಸಿನ ಪಕ್ಕದ ಮನೆ ಮಗುವಿನ ಜೊತೆ ಹೋಲಿಸೋದು ಅನ್ಯಾಯ ಅಲ್ವಾ?

3. ಸದ್ದಿಲ್ಲದೆ ಬರುವುದನ್ನು ಹುಡುಕಿ

ನಡಿಗೆ, ಮೊದಲ ಮಾತು, ಮೊದಲ ಹಲ್ಲು. ಇವನ್ನು ಯಾರೂ ಮಿಸ್ ಮಾಡಲ್ಲ. ಹಲ್ಲು ಹೇಗೂ ಕಲಿಕೆ ಅಲ್ಲ, ಆದರೂ ಅದಕ್ಕೇ ಜಾಸ್ತಿ ಸಂಭ್ರಮ! ನನಗೆ ಬಹಳ ಖುಷಿ ಕೊಟ್ಟದ್ದು ಬೇರೆಯವು. ಕೆಲವನ್ನು ಆಟದ ಹಾಗೆ ಮನೆಯಲ್ಲೇ ನೋಡಬಹುದು. ಪರೀಕ್ಷೆ ಅಂದುಕೊಳ್ಳಬೇಡಿ. ಮಗುವಿಗೆ ಮನಸ್ಸಿಲ್ಲದಿದ್ದರೆ ಅಲ್ಲಿಗೇ ಬಿಡಿ.

ನಗು. ಆರರಿಂದ ಎಂಟು ವಾರದ ಹೊತ್ತಿಗೆ ಮಗು ನಿಮ್ಮ ಮುಖ ನೋಡಿಯೇ ನಗಲು ಶುರು ಮಾಡುತ್ತೆ. ಅದಕ್ಕೂ ಮೊದಲು ನಿದ್ದೆಯಲ್ಲಿ ತುಟಿ ಅರಳಿಸೋದು ಬೇರೆ, ಇದು ಬೇರೆ. ಒಂದು ಗೇಣು ದೂರದಲ್ಲಿ ಮುಖ ಇಟ್ಟು, ನಿಧಾನವಾಗಿ ಮಾತಾಡಿ, ನಿಲ್ಲಿಸಿ, ಕಾಯಿರಿ. ಉತ್ತರ ಬರುತ್ತೆ.

ಬಟ್ಟೆಯ ಕೆಳಗಿನ ಆಟಿಕೆ. ಆರು ತಿಂಗಳ ಮಗುವಿನ ಎದುರಿಗೇ ಆಟಿಕೆ ಮೇಲೆ ಬಟ್ಟೆ ಮುಚ್ಚಿ. ಸಾಮಾನ್ಯವಾಗಿ ಅದು ಬೇರೆ ಕಡೆ ನೋಡುತ್ತೆ, ಕಥೆ ಮುಗೀತು ಅನ್ನೋ ಹಾಗೆ. ಎಂಟು ಒಂಬತ್ತು ತಿಂಗಳಾದಾಗ ಬಟ್ಟೆ ಎಳೆದು ಹುಡುಕುತ್ತೆ. ಕಾಣದಿದ್ದರೂ ವಸ್ತು ಇದೆ ಅಂತ ಗೊತ್ತಾಗಿದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತನ್ನ ಮೂರು ಮಕ್ಕಳ ಜೊತೆ ಇಂಥ ಆಟ ಆಡುತ್ತಲೇ ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಬರೆದಿಟ್ಟ. ಈ ಆಟದಲ್ಲಿ ಇನ್ನೊಂದು ಮಜಾ ಇದೆ. ಎರಡು ಬಟ್ಟೆ ಹಾಸಿ, ಎಡಗಡೆಯದರ ಕೆಳಗೆ ಮೂರ್ನಾಲ್ಕು ಸಲ ಬಚ್ಚಿಡಿ, ಮಗು ಪ್ರತಿ ಸಲ ತೆಗೆಯಲಿ. ಆಮೇಲೆ ಮಗು ನೋಡ್ತಾ ಇರುವಾಗಲೇ ಬಲಗಡೆ ಬಚ್ಚಿಡಿ. ಒಂದು ವರ್ಷ ತುಂಬದ ಎಷ್ಟೋ ಮಕ್ಕಳು ಮತ್ತೆ ಎಡಗಡೆಯೇ ಹುಡುಕುತ್ತಾರೆ! ಕೆಲವು ವಾರ ಬಿಟ್ಟು ಮತ್ತೆ ಆಡಿ ನೋಡಿ. ಯಾವತ್ತು ನೇರ ಬಲಗಡೆ ಕೈ ಹೋಗುತ್ತೋ ಅವತ್ತು ಪುಸ್ತಕದಲ್ಲಿ ಬರೆಯಿರಿ.

(ಇದೇ ಹೊತ್ತಿಗೆ ನೀವು ಕೋಣೆಯಿಂದ ಆಚೆ ಹೋದರೆ ಮಗು ಕಿರುಚಿ ಅಳಲು ಶುರು ಮಾಡುತ್ತೆ. ನೀವು ಎಲ್ಲೋ ಇದ್ದೀರಿ, ಇಲ್ಲಿ ಇಲ್ಲ ಅಂತ ಅದಕ್ಕೆ ಈಗ ತಿಳಿಯುತ್ತೆ. ಅದೂ ಬೆಳವಣಿಗೆಯೇ, ಬಾತ್‌ರೂಮಿಗೆ ಹೋಗಲು ಬಿಡದಿದ್ದಾಗ ಇದನ್ನು ನೆನಪಿಸಿಕೊಳ್ಳಿ.)

ಬೆರಳು. ಒಂದು ವರ್ಷದ ಆಸುಪಾಸಿನಲ್ಲಿ ಮಗು ತೋರುಬೆರಳು ಚಾಚುತ್ತೆ. ಶುರುವಿನಲ್ಲಿ ‘ಅದು ಕೊಡು’ ಅನ್ನೋ ಅರ್ಥ ಇರಬಹುದು. ಆದರೆ ಒಂದು ದಿನ ಚಂದ್ರನನ್ನೋ, ತಿರುಗುವ ಫ್ಯಾನನ್ನೋ ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತೆ. ಅದಕ್ಕೆ ಏನೂ ಬೇಕಾಗಿಲ್ಲ. ‘ನೋಡಿದ್ಯಾ?’ ಅಷ್ಟೇ. ತನ್ನ ತಲೆಯಲ್ಲಿ ಇರೋದನ್ನು ನಿಮ್ಮ ತಲೆಗೆ ದಾಟಿಸಬಹುದು ಅಂತ ಅದಕ್ಕೆ ಹೊಳೆದಿದೆ. ನನ್ನನ್ನು ಕೇಳಿದರೆ ಮೊದಲ ಹೆಜ್ಜೆಗಿಂತ ಇದೇ ದೊಡ್ಡದು. ಆ ಕ್ಷಣ ಬಂದಾಗ ನೀವೂ ಅದನ್ನೇ ನೋಡಿ, ಹೆಸರು ಹೇಳಿ.

ಕನ್ನಡಿ. ಮಗುವಿಗೆ ಗೊತ್ತಾಗದ ಹಾಗೆ ಮೂಗಿನ ಮೇಲೆ ಬಣ್ಣದ ಚುಕ್ಕೆ ಇಟ್ಟು ಕನ್ನಡಿ ಮುಂದೆ ಕೂರಿಸಿ. ವರ್ಷದ ಮಗು ಕನ್ನಡಿಯೊಳಗಿನ ಮಗುವಿನ ಜೊತೆ ಆಡುತ್ತೆ, ಕನ್ನಡಿ ಹಿಂದೆ ಇಣುಕುತ್ತೆ. ಒಂದೂವರೆಯಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳು ತಮ್ಮದೇ ಮೂಗು ಮುಟ್ಟಿಕೊಳ್ಳುತ್ತಾರೆ. ‘ಅಯ್ಯೋ, ಇದು ನಾನು!’ ಅನ್ನೋ ಆ ಮುಖ ನೋಡಲೇಬೇಕು.

ಡಬ್ಬಿಯೊಳಗೆ ಏನಿದೆ. ಇದು ಮೂರರಿಂದ ಐದು ವರ್ಷದವರಿಗೆ. ಕ್ರೆಯಾನ್ ಡಬ್ಬಿಯಲ್ಲಿ ಕ್ರೆಯಾನ್ ತೆಗೆದು ಒಂದು ಚಮಚ ಇಡಿ. ಮಗುವಿಗೆ ತೆರೆದು ತೋರಿಸಿ, ಮುಚ್ಚಿ. ‘ಈಗ ಅಜ್ಜಿ ಬರ್ತಾರೆ, ಒಳಗೆ ನೋಡಿಲ್ಲ. ಇದರಲ್ಲಿ ಏನಿದೆ ಅಂದುಕೋತಾರೆ?’ ಅಂತ ಕೇಳಿ. ಮೂರರ ಮಗು ‘ಚಮಚ’ ಅನ್ನುತ್ತೆ. ತನಗೆ ಗೊತ್ತಿರೋದು ಎಲ್ಲರಿಗೂ ಗೊತ್ತು ಅಂತ ಅದರ ನಂಬಿಕೆ. ನಾಲ್ಕು ದಾಟಿದ ಮೇಲೆ ಒಂದು ದಿನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ‘ಕ್ರೆಯಾನ್’ ಅನ್ನುತ್ತೆ. ಬೇರೆಯವರಿಗೆ ತಪ್ಪು ತಿಳಿವಳಿಕೆ ಇರಬಹುದು ಅಂತ ಅರ್ಥವಾಗಿದೆ. ಇದೇ ಬುದ್ಧಿಯಿಂದ ನಂಬುವ ಹಾಗೆ ಸುಳ್ಳು ಹೇಳಲೂ ಬರುತ್ತೆ. ಮಗಳು ಗೋಡೆ ಮೇಲೆ ಗೀಚಿ ‘ನಾನಲ್ಲ, ತಮ್ಮ’ ಅಂದಾಗ ತಮ್ಮನಿಗೆ ಎರಡು ತಿಂಗಳು. ಬೈದೆ. ಆಮೇಲೆ ಒಳಗೆ ಹೋಗಿ ಪುಸ್ತಕದಲ್ಲಿ ಬರೆದುಕೊಂಡೆ.

ಮೂರು ಕೊಡು. ಶುರುವಿನಲ್ಲಿ ಹೇಳಿದ ಚಮಚದ ಕಥೆಯೇ. ಹತ್ತಿಪ್ಪತ್ತು ಬಟನ್ ಅಥವಾ ಕಡ್ಡಿ ಇಟ್ಟು (ಚಿಕ್ಕವರು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ) ‘ಒಂದು ಕೊಡು’ ಅನ್ನಿ, ಆಮೇಲೆ ಎರಡು, ಮೂರು. ಮಕ್ಕಳು ಇದನ್ನು ಒಂದೊಂದೇ ಮೆಟ್ಟಿಲಾಗಿ ಹತ್ತುತ್ತಾರೆ. ‘ಒಂದು’ ಗೊತ್ತಾಗಿ ಎಷ್ಟೋ ತಿಂಗಳ ಮೇಲೆ ‘ಎರಡು’, ಮತ್ತೆಷ್ಟೋ ದಿನಕ್ಕೆ ‘ಮೂರು’. ಅಲ್ಲಿಯವರೆಗೆ ಬಾಯಲ್ಲಿ ನೂರರವರೆಗೆ ಹೇಳಿದರೂ, ನಾಲ್ಕು ಕೇಳಿದರೆ ಒಂದು ಮುಷ್ಟಿ ಬರುತ್ತೆ. ಆಮೇಲೆ ಒಂದು ದಿನ ಎಣಿಕೆಯ ಕೊನೆಯ ಸಂಖ್ಯೆಯೇ ‘ಎಷ್ಟು’ ಅನ್ನೋದರ ಉತ್ತರ ಅಂತ ತಿಳಿಯುತ್ತೆ, ಮೂರೂವರೆ ನಾಲ್ಕರ ಹತ್ತಿರ. ಅವತ್ತಿನಿಂದ ಐದು, ಆರು, ಏಳು, ಎಲ್ಲ ಒಟ್ಟಿಗೇ ಬಂದಂತೆ.

ಗೀಚುವುದೂ ಹೀಗೇ. ಒಂದೂವರೆ ವರ್ಷಕ್ಕೆ ಬರೀ ಗೀಟು, ಮೂರರ ಹತ್ತಿರ ವೃತ್ತ. ಆಮೇಲೆ ಆ ವೃತ್ತಕ್ಕೇ ಎರಡು ಕಾಲು ಬಂದು ಅದು ‘ಅಪ್ಪ’ ಆಗುತ್ತೆ. ಹೊಟ್ಟೆಯೇ ಇಲ್ಲದ ಅಪ್ಪ. ಜಗತ್ತಿನಲ್ಲಿ ನನ್ನನ್ನು ಹಾಗೆ ಕಂಡವರು ಮಗಳೊಬ್ಬಳೇ.

4. ಹತ್ತು ಎಣಿಸಿ

ಮಗು ಮುಚ್ಚಳ ತಿರುಗಿಸಲು ಒದ್ದಾಡುತ್ತಿರುತ್ತೆ. ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತೆ. ನಿಲ್ಲಿಸಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಮಾತಿನಲ್ಲೂ ಅಷ್ಟೇ, ‘ಏನಿದು?’ ಅಂತ ಕೇಳಿ ಎರಡೇ ಸೆಕೆಂಡಿಗೆ ನೀವೇ ಉತ್ತರ ಹೇಳಿಬಿಟ್ಟರೆ ಮಗು ಬಾಯಿ ತೆರೆಯುವ ಮೊದಲೇ ಆಟ ಮುಗೀತು. ಚಿಕ್ಕವರಿಗೆ ಪದ ಹುಡುಕಲು ಟೈಮ್ ಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ ಇದು, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಇವತ್ತಿಗೂ ಆಗಲ್ಲ. ದಿನಕ್ಕೆ ಅರ್ಧ ಗಂಟೆ ಗಡಿಯಾರ ನೋಡದ ಹೊತ್ತು ಇಟ್ಟುಕೊಳ್ಳಿ, ಅಷ್ಟು ಸಾಕು.

5. ಆದಾಗ ಏನು ಹೇಳಬೇಕು

ಕೂಗಾಡಿ ಕುಣಿಯೋದು ತಪ್ಪಲ್ಲ. ಮೊದಲ ಹೆಜ್ಜೆಗೆ ನಾನೂ ಕುಣಿದಿದ್ದೇನೆ, ಮಗು ಹೆದರಿ ಕೂತುಬಿಟ್ಟಿತ್ತು. ಆದರೆ ಪ್ರತಿಯೊಂದಕ್ಕೂ ‘ಜಾಣೆ’, ‘ಸೂಪರ್’, ಒಂದು ಸ್ಟಿಕ್ಕರ್, ಒಂದು ಬಹುಮಾನ ಶುರು ಮಾಡುವ ಮೊದಲು ಇದನ್ನು ಕೇಳಿ. 1973ರಲ್ಲಿ ಅಮೆರಿಕದಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸೋದು ಅಂದರೆ ಪ್ರಾಣ ಅನ್ನೋ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂದರು, ಕೊಟ್ಟರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಬೇರೆಯವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೇಳದೆ ಆಮೇಲೆ ಬಹುಮಾನ ಸಿಕ್ಕವರಿಗೆ ಏನೂ ಆಗಿರಲಿಲ್ಲ. ಆಟ ಆಗಿದ್ದದ್ದನ್ನು ಕೂಲಿ ಮಾಡಿದ ಹಾಗೆ.

ಅದರ ಬದಲು ಕಂಡದ್ದನ್ನು ಹೇಳಿ. ‘ಮೂರು ಸಲ ಬಿತ್ತು, ಆಮೇಲೆ ದೊಡ್ಡದನ್ನ ಕೆಳಗಿಟ್ಟೆ, ನಿಂತೇ ಬಿಡ್ತು!’ ಇದರಲ್ಲಿ ಹೊಗಳಿಕೆ ಇಲ್ಲ ಅನ್ನಿಸಬಹುದು. ಮಗುವಿನ ಮುಖ ನೋಡಿ, ಗೊತ್ತಾಗುತ್ತೆ. ನೀವು ಪೂರ್ತಿ ನೋಡಿದ್ದೀರಿ ಅಂತ ಅದಕ್ಕೆ ತಿಳಿಯುತ್ತೆ.

ಇನ್ನು ನೆಂಟರು ಬಂದಾಗ ‘ಎಲ್ಲಿ, ಆಂಟಿಗೆ ಹೇಳಿ ತೋರ್ಸು’ ಅನ್ನೋದು. ಬೇಡ. ನಿನ್ನೆ ಚೆನ್ನಾಗಿ ಬಂದದ್ದು ಇವತ್ತು ಬರಲ್ಲ, ಮಗು ನಿಮ್ಮ ಹಿಂದೆ ಅವಿತುಕೊಳ್ಳುತ್ತೆ, ನಿಮಗೆ ಮುಜುಗರ, ಅದಕ್ಕೂ ಮುಜುಗರ. ನಾನು ಬಿಟ್ಟೆ, ಇಪ್ಪತ್ತರವರೆಗಿನ ಹಾಡು ಕೇಳಿಸಿ ಸಾಕಾದ ಮೇಲೆ.

6. ತಪ್ಪನ್ನು ಜೋಪಾನ ಮಾಡಿ

ಮೂರು ವರ್ಷದ ಮಗು ‘ನಾನು ಅಮ್ಮಂಗೆ ಕೊಡಿದೆ’ ಅನ್ನುತ್ತೆ. ಮೊದಲೆಲ್ಲ ‘ಕೊಟ್ಟೆ’ ಅಂತ ಸರಿಯಾಗೇ ಹೇಳುತ್ತಿದ್ದ ಮಗು! ಮರೆತುಹೋಯಿತಾ ಅಂತ ಗಾಬರಿ ಬೇಡ. ಮಾಡು ಮಾಡಿದೆ, ನೋಡು ನೋಡಿದೆ, ಹಾಗಾದರೆ ಕೊಡು ಕೊಡಿದೆ. ಯಾರೂ ಹೇಳಿಕೊಡದ ನಿಯಮವನ್ನು ಅದೇ ಕಂಡುಹಿಡಿದಿದೆ, ಈಗ ಎಲ್ಲ ಕಡೆ ಹಚ್ಚಿ ನೋಡುತ್ತಿದೆ. ನಾವು ಆಡಿದ್ದನ್ನು ಬರೀ ನಕಲು ಮಾಡುತ್ತಿದ್ದರೆ ‘ಕೊಡಿದೆ’ ಬರಲು ಸಾಧ್ಯವೇ ಇರಲಿಲ್ಲ, ಯಾಕಂದರೆ ಮನೆಯಲ್ಲಿ ಯಾರೂ ಹಾಗೆ ಅನ್ನಲ್ಲ.

ತಿದ್ದಬೇಡಿ. ‘ಹೌದಾ, ಅಮ್ಮಂಗೆ ಕೊಟ್ಯಾ? ಏನು ಕೊಟ್ಟೆ?’ ಅಂತ ಸರಿ ರೂಪವನ್ನು ಮಾತಿನೊಳಗೇ ಸೇರಿಸಿ ಮುಂದೆ ಹೋಗಿ. ಕಾಲಕ್ರಮೇಣ ಅದೇ ಸರಿಹೋಗುತ್ತೆ, ಮತ್ತೆ ಬರಲ್ಲ. ಅಷ್ಟರೊಳಗೆ ಬರೆದಿಟ್ಟುಕೊಳ್ಳಿ. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಬರೆಯೋದೂ ಅಷ್ಟೇ, ಆರೇಳು ವರ್ಷದವರೆಗೂ ಸಹಜ.

7. ಹೋಲಿಕೆ

ಅಕ್ಕನ ಮಗು, ಪಕ್ಕದ ಮನೆ ಮಗು, ನಿಮ್ಮದೇ ಮೊದಲ ಮಗು. ಹೋಲಿಸದೆ ಇರೋಕೆ ಆಗಲ್ಲ, ನಾನೂ ಬಿಟ್ಟಿಲ್ಲ. ಎಂಟನೇ ತಿಂಗಳ ಹೋಲಿಕೆಯನ್ನು ಎಂಟನೇ ವರ್ಷದಲ್ಲಿ ಯಾರೂ ನೆನಪಿಟ್ಟುಕೊಳ್ಳಲ್ಲ ಅಂತ ಮಾತ್ರ ಹೇಳಬಲ್ಲೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಿ ಎಣಿಸಿ. ಎರಡು ಭಾಷೆಯಿಂದ ಮಾತು ತಡವಾಗುತ್ತೆ ಅನ್ನೋದು ಹಳೇ ಭಯ, ಅದಕ್ಕಾಗಿ ಒಂದನ್ನು ಬಿಡಬೇಡಿ.

8. ಯಾವಾಗ ಕಾಯಬಾರದು

ಇಲ್ಲಿ ತಮಾಷೆ ಇಲ್ಲ. ಅಗಲ ದೊಡ್ಡದು ಅಂದೆ, ಆದರೆ ಅದಕ್ಕೂ ಅಂಚು ಇದೆ. ದೊಡ್ಡ ಸದ್ದಿಗೆ ಮಗು ಬೆಚ್ಚದಿದ್ದರೆ, ಯಾವ ವಯಸ್ಸಿನಲ್ಲಾದರೂ ಕಿವಿ ತೋರಿಸಿ. ಒಂದು ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಬಾಬಾ ದಾದಾ ಅಂತ ತೊದಲದಿದ್ದರೆ, ಬೆರಳು ತೋರಿಸೋದು, ಟಾಟಾ ಮಾಡೋದು ಏನೂ ಇಲ್ಲದಿದ್ದರೆ, ಒಂದೂವರೆ ವರ್ಷಕ್ಕೂ ನಡಿಗೆ ಅಥವಾ ಒಂದೂ ಪದ ಬರದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ತರಹ ಎರಡು ಪದ ಸೇರಿಸದಿದ್ದರೆ, ಮಕ್ಕಳ ಡಾಕ್ಟರ ಹತ್ತಿರ ಹೋಗಿ ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು: ಬರುತ್ತಿದ್ದ ಮಾತು, ನಗು, ಕಣ್ಣಲ್ಲಿ ಕಣ್ಣಿಟ್ಟು ನೋಡೋದು ನಿಂತುಹೋದರೆ, ಅದು ಯಾವ ತಿಂಗಳಾದರೂ ಸರಿ, ಕೂಡಲೇ ಹೋಗಿ. ‘ಗಂಡು ಮಕ್ಕಳು ಮಾತು ತಡ’, ‘ಅವರಪ್ಪನೂ ಹೀಗೇ ಇದ್ದ’ ಅನ್ನೋ ಸಮಾಧಾನ ಕೇಳಿಕೊಂಡು ಆರು ತಿಂಗಳು ಕಳೆಯಬೇಡಿ. ಹೋಗಿ ‘ಏನೂ ಇಲ್ಲ’ ಅನ್ನಿಸಿಕೊಂಡು ಬಂದರೆ ನಷ್ಟವಿಲ್ಲ. ತೊಂದರೆ ಇದ್ದರೆ ಬೇಗ ಶುರುವಾದ ಸಹಾಯ ಹೆಚ್ಚು ಉಪಯೋಗಕ್ಕೆ ಬರುತ್ತೆ. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ. ‘ಯಾವಾಗಿನಿಂದ?’ ಅಂತ ಡಾಕ್ಟರ್ ಕೇಳಿದಾಗ ತಡಬಡಿಸೋದು ತಪ್ಪುತ್ತೆ.

ಎರಡನೇ ಮಗುವಿನ ಪುಸ್ತಕ ತೆಳ್ಳಗಿರುತ್ತೆ, ಅದನ್ನೂ ಒಪ್ಪಿಕೊಂಡುಬಿಡಿ. ಮಗನ ಪುಸ್ತಕದಲ್ಲಿ ನಾಲ್ಕು ತಿಂಗಳು ಪೂರ್ತಿ ಖಾಲಿ ಇದೆ. ಮೊನ್ನೆ ತೆರೆದರೆ ಆ ಖಾಲಿ ಹಾಳೆಯಲ್ಲಿ ಆರು ವರ್ಷದ ಅಕ್ಕ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ, ‘ನ’ ತಿರುವುಮುರುವಾಗಿದೆ, ತಾರೀಖು ಮಾತ್ರ ಸರಿಯಾಗಿದೆ: ‘ಇವತ್ತು ತಮ್ಮ ಮೊದಲನೇ ಸಲ ನನ್ನ ಚಿತ್ರ ಹರಿದ.’